ಕ್ಲಿಪ್ ತೆಗೆದಾಯಿತು, ಇನ್ನು ರಿಟೈನರ್ ಎಷ್ಟು ಸಮಯ?

ಬದಿಯಡ್ಕದಿಂದ ಒಬ್ಬರು ಅಮ್ಮ ಕೇಳಿದ್ದು:

ಮಗಳಿಗೆ 17 ವರ್ಷ. ಎರಡು ವರ್ಷ ಹಲ್ಲಿಗೆ ಕ್ಲಿಪ್ ಇತ್ತು, ಕಳೆದ ವಾರ ತೆಗೆದರು. ಸರಿಯಾದ ಹಲ್ಲು ಪುನಃ ಸರಿಯದ ಹಾಗೆ ಹಿಡಿದಿಡಲು ಈಗ ಮೇಲಿನ ಸಾಲಿಗೆ ಹಾಕಿ ತೆಗೆಯುವ ಪಾರದರ್ಶಕ ರಿಟೈನರ್, ಕೆಳಗಿನ ಸಾಲಿಗೆ ಹಲ್ಲಿನ ಹಿಂದೆ ಅಂಟಿಸಿದ ಸಪೂರ ತಂತಿ. ಊಟ ಮಾಡುವಾಗ, ಹಲ್ಲುಜ್ಜುವಾಗ ಬಿಟ್ಟು ಇಡೀ ದಿನ ಹಾಕಬೇಕಂತೆ. ಎಷ್ಟು ಸಮಯ ಅಂತ ಕೇಳಿದರೆ ಡಾಕ್ಟರು "ನೋಡುವ" ಎಂದರು. ಹಾಕಿದರೆ ಇವಳಿಗೆ ಸ, ಶ ಸರಿ ಬರುವುದಿಲ್ಲ. ಹಾಗಾಗಿ ಶಾಲೆಗೆ ಹೋಗುವಾಗ ತೆಗೆದಿಡುತ್ತಾಳೆ. ಪ್ಲಸ್ ಟು ಮುಗಿಸಿ ಜೂನಿನಿಂದ ಹಾಸ್ಟೆಲಿಗೆ ಹೋಗುವವಳು. ಹಾಕಿ ಅನುಭವ ಇರುವವರು ದಯವಿಟ್ಟು ಹೇಳಿ.

ಪೆರ್ಲದಿಂದ:

ಅಕ್ಕ, ಶಾಲೆಗೆ ಹೋಗುವಾಗ ತೆಗೆದಿಡುವುದನ್ನು ಇವತ್ತೇ ನಿಲ್ಲಿಸಲಿ. ನನ್ನ ಕ್ಲಿಪ್ ತೆಗೆದದ್ದು 2019ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ. ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ಹಾಕಿದೆ. 2020ರ ಮಾರ್ಚಿನಲ್ಲಿ ರಿಟೈನರ್ ಬಿರುಕು ಬಿಟ್ಟಿತು, ಅದೇ ವಾರ ಕೊರೊನಾದಿಂದಾಗಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೂ ಮಣ್ಣು ಸುರಿದದ್ದು ನಿಮಗೆಲ್ಲ ನೆನಪಿರಬಹುದು. ಆಂಬುಲೆನ್ಸ್ ದಾಟುವುದೇ ಕಷ್ಟವಾಗಿದ್ದ ದಿನಗಳಲ್ಲಿ ಹಲ್ಲಿನ ವಿಷಯ ಯಾರ ಹತ್ತಿರ ಹೇಳುವುದು? ಬಿರುಕು ಬಿಟ್ಟದ್ದನ್ನೇ ಸ್ವಲ್ಪ ದಿನ ಹಾಕಿದೆ. ನಾಲಗೆ ಗೀರಿ ಹುಣ್ಣಾಯಿತು. ಡಬ್ಬಿಯಲ್ಲಿಟ್ಟು ಸುಮ್ಮನಾದೆ.

ನೋವಿಲ್ಲ, ಕನ್ನಡಿಯಲ್ಲಿಯೂ ಎಂತದೂ ಕಾಣುವುದಿಲ್ಲ. ಆರು ತಿಂಗಳು ಕಳೆದು ಒಂದು ಮದುವೆಯ ಫೋಟೋದಲ್ಲಿ ನೋಡುತ್ತೇನೆ, ಮುಂದಿನ ಎರಡು ಹಲ್ಲಿನ ನಡುವಿನ ಹಳೆಯ ಸಂದು ಪುನಃ ಬಂದಿತ್ತು. ಆ ದಿನ ಅತ್ತಿದ್ದೇನೆ. ಅಪ್ಪ ಅಡಿಕೆ ಮಾರಿದ ಹಣದಲ್ಲಿ ಮಾಡಿಸಿದ ಚಿಕಿತ್ಸೆ ಅದು. ಮತ್ತೆ ಎಂಟು ತಿಂಗಳು ಕ್ಲಿಪ್ ಹಾಕಿಸಬೇಕಾಯಿತು.

ನಾನು ಮಾಡದೇ ಉಳಿದದ್ದನ್ನು ನೀವು ಮಾಡಿ. ಮೊದಲೇ ಒಂದು ಹೆಚ್ಚಿನ ರಿಟೈನರ್ ಮಾಡಿಸಿ. ಹಲ್ಲಿನ ಅಚ್ಚು ಕೊಡುತ್ತಾರಾ ಕೇಳಿ, ಕೊಟ್ಟರೆ ಮನೆಯಲ್ಲಿ ಜಾಗ್ರತೆಯಾಗಿಡಿ. ಲಾಕ್‌ಡೌನ್ ಸಡಿಲವಾದ ಕೂಡಲೇ ಗಡಿಯ ಈಚೆಯೇ ಯಾರ ಹತ್ತಿರವಾದರೂ ಹೊಸತು ಮಾಡಿಸಬಹುದಿತ್ತು. ನಮ್ಮ ಡಾಕ್ಟರೇ ಆಗಬೇಕು ಅಂತ ಕಾದು ಕೂತೆ.

ನೀರ್ಚಾಲಿನಿಂದ:

ನಮ್ಮ ಮಗನದ್ದು ಹೋದದ್ದು ಉಪನಯನದ ಊಟದಲ್ಲಿ. ಪಂಕ್ತಿಗೆ ಕೂರುವಾಗ ತೆಗೆದು ಬಾಳೆಲೆಯ ಕೊಡಿಯ ಅಡಿಗೆ ಇಟ್ಟಿದ್ದಾನೆ. ಪಾಯಸ ಎರಡು ಸಲ ಬಂತು, ಮಜ್ಜಿಗೆಯೂ ಬಂತು, ಎದ್ದು ಕೈ ತೊಳೆಯಲು ಹೋದ. ನೆನಪಾಗಿ ಓಡಿ ಬರುವಾಗ ಎಲೆ ತೆಗೆದಾಗಿತ್ತು. ಎಂಜಲೆಲೆಯ ರಾಶಿಯಲ್ಲಿ ಟಾರ್ಚ್ ಹಿಡಿದು ಹುಡುಕಿದೆವು. ಬಣ್ಣವೇ ಇಲ್ಲದ ವಸ್ತು, ಸಿಗುವುದು ಹೇಗೆ? ಎಲೆಯ ಅಡಿಯಲ್ಲಿ, ಕಾಗದದಲ್ಲಿ, ಕರವಸ್ತ್ರದಲ್ಲಿ ಸುತ್ತಿ ಇಡುವುದೇ ಬೇಡ. ಬಾಯಲ್ಲಿ ಇಲ್ಲದಿದ್ದರೆ ಡಬ್ಬಿಯಲ್ಲಿ, ಡಬ್ಬಿ ಕಿಸೆಯಲ್ಲಿ.

ಎರಡನೆಯದನ್ನು ಹಾಳು ಮಾಡಿದ್ದು ನಾನು. ಚೊಕ್ಕ ಆಗಲಿ ಅಂತ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ತೊಳೆದೆ, ಸೊಟ್ಟಗಾಯಿತು. ತಣ್ಣೀರು, ಮೆತ್ತಗಿನ ಬ್ರಷ್, ಒಂದು ತೊಟ್ಟು ಸೋಪು ಸಾಕು. ಪೇಸ್ಟ್ ಬೇಡ, ಅದು ಗೀರುತ್ತದೆ. ಗೀರಿದಲ್ಲಿ ಕೊಳೆ ಕೂತು ವಾಸನೆ ಬರುತ್ತದೆ. ಚಹಾ ಕುಡಿಯುವಾಗಲೂ ತೆಗೆಯಬೇಕು.

ಮುಳ್ಳೇರಿಯದಿಂದ:

ಸ, ಶ ವಿಷಯಕ್ಕೆ ನಾನು ಹೇಳುತ್ತೇನೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವವನು ನಾನು. 28ನೇ ವಯಸ್ಸಿನಲ್ಲಿ ಕ್ಲಿಪ್ ತೆಗೆಸಿದ ಮೇಲೆ ತಂತಿ ಇರುವ ಪ್ಲೇಟು ಕೊಟ್ಟರು, ಅಂಗುಳಿಗೆ ಅಂಟಿ ಕೂರುವಂಥದ್ದು. ಪಾರದರ್ಶಕಕ್ಕಿಂತ ಅದು ದಪ್ಪ. ಮೊದಲ ದಿನ ಬಾಯಿ ತುಂಬ ಜೊಲ್ಲು, 'ಶಲ್ಯ ಸಾರಥ್ಯ' ಎಂಬ ಮಾತೇ ಹೊರಡಲಿಲ್ಲ. ಆ ಅಕ್ಷರಗಳಿಗೆ ನಾಲಗೆ ಹೋಗುವುದು ಮುಂದಿನ ಹಲ್ಲಿನ ಹಿಂದಿನ ಜಾಗಕ್ಕೆ, ಅಲ್ಲಿಯೇ ಈಗ ಹೊಸ ವಸ್ತು ಕೂತಿದೆ.

ದಿನಾ ಅರ್ಧ ಗಂಟೆ ಪೇಪರನ್ನು ದೊಡ್ಡದಾಗಿ ಓದಿದೆ. ಐದನೇ ದಿನಕ್ಕೆ ಮಾತು ಸಾಧಾರಣ ಸರಿಯಾಯಿತು, ಎರಡು ವಾರದಲ್ಲಿ ನನಗೇ ಗೊತ್ತಾಗದ ಹಾಗಾಯಿತು. ನಿಮ್ಮ ಮಗಳಿಗೆ ಹೇಳಿ, ಹಗಲು ತೆಗೆದಿಟ್ಟಷ್ಟು ದಿನ ನಾಲಗೆ ಕಲಿಯುವುದೇ ಇಲ್ಲ, ಪ್ರತಿ ರಾತ್ರಿ ಮೊದಲಿನಿಂದ ಶುರು. ದೊಡ್ಡ ಕೂಟ ಇದ್ದರೆ ನಾನು ಆ ಎರಡು ಮೂರು ಗಂಟೆ ಮಾತ್ರ ತೆಗೆದು, ಮಂಗಳ ಹಾಡಿದ ಕೂಡಲೇ ಹಾಕುತ್ತಿದ್ದೆ.

ಮಂಜೇಶ್ವರದಿಂದ:

ನಾನು ದಂತ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವವಳು. ಡಾಕ್ಟರು "ನೋಡುವ" ಅಂದದ್ದು ಉಡಾಫೆಯಿಂದ ಅಲ್ಲ ಅಕ್ಕ. ಹಲ್ಲು ಎಲುಬಿಗೆ ನೇರ ಅಂಟಿಕೊಂಡಿಲ್ಲ, ನಡುವೆ ನಾರುಗಳುಂಟು. ಹಲ್ಲನ್ನು ಸರಿಸಿದಾಗ ಅವು ಎಳೆದ ಹಾಗಿರುತ್ತವೆ, ಹಳೆಯ ಜಾಗಕ್ಕೇ ಜಗ್ಗುತ್ತವೆ. ಬೇರಿನ ಸುತ್ತಲಿನ ನಾರು ಮೂರು ನಾಲ್ಕು ತಿಂಗಳಲ್ಲಿ ಹೊಸ ಜಾಗಕ್ಕೆ ಒಗ್ಗುತ್ತದೆ. ವಸಡಿನ ನಾರುಗಳಿಗೆ ವರ್ಷವೂ ಬೇಕಾಗಬಹುದು. ಒಳ್ಳೆಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಕಟ್ಟಿ, ಅದು ಬೇರು ಕಚ್ಚುವ ಮೊದಲೇ ಕಟ್ಟು ಬಿಚ್ಚಿದರೆ ಜಾರುವುದಿಲ್ಲವಾ, ಹಾಗೆ. ತಿರುಚಿದ್ದ ಹಲ್ಲು, ಸಂದು ಇದ್ದ ಹಲ್ಲುಗಳಿಗೆ ಈ ಜಗ್ಗಾಟ ಜಾಸ್ತಿ.

ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಇಡೀ ದಿನ, ಮತ್ತೆ ರಾತ್ರಿ ಮಾತ್ರ. ಆ ರಾತ್ರಿಯದ್ದನ್ನು ನಿಲ್ಲಿಸುವ ತಾರೀಕು ಅಂತ ಇಲ್ಲ. ಕ್ಲಿಪ್ ಹಾಕದವರಿಗೂ ವಯಸ್ಸಾಗುತ್ತಾ ಕೆಳಗಿನ ಮುಂದಿನ ಹಲ್ಲು ಒತ್ತೊತ್ತಾಗುತ್ತದೆ. ಬುದ್ಧಿಹಲ್ಲು ದೂಡುವುದರಿಂದ ಹೀಗಾಗುತ್ತದೆ ಅಂತ ಬಹಳ ಜನ ಹೇಳುತ್ತಾರೆ, ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ.

ನನಗೆ ನಿಜವಾದ ಚಿಂತೆ ಕೆಳಗಿನ ತಂತಿಯದ್ದು. ಒಂದು ಹಲ್ಲಿನಲ್ಲಿ ಅಂಟು ಬಿಟ್ಟರೂ ಉಳಿದ ಕಡೆ ಹಿಡಿದಿರುತ್ತದೆ, ನೋಯುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಬಿಟ್ಟ ಹಲ್ಲು ಮಾತ್ರ ಮೆಲ್ಲ ಸರಿಯುತ್ತದೆ. ದಿನಾ ರಾತ್ರಿ ನಾಲಗೆಯ ತುದಿಯಿಂದ ತಡವಿ ನೋಡಲಿ. ಕಬ್ಬು, ಪೇರಳೆ, ತೆಂಗಿನಕಾಯಿ ಹೋಳನ್ನು ಮುಂದಿನ ಹಲ್ಲಿನಿಂದ ಕಚ್ಚಬಾರದು, ತುಂಡು ಮಾಡಿ ದವಡೆಯಲ್ಲಿ ಅಗಿಯಲಿ. ತಂತಿಯ ಸುತ್ತ ಪಾಚಿ ಬೇಗ ಕಟ್ಟುತ್ತದೆ. ಅಲ್ಲಿಗೆ ಹೋಗುವ ಸಪೂರ ಬ್ರಷ್ ಸಿಗುತ್ತದೆ, ಉಪಯೋಗಿಸುವ ಕ್ರಮವನ್ನು ಡಾಕ್ಟರಿಂದಲೇ ಕೇಳಿ ಕಲಿಯಲಿ.

ಎರಡು ದಿನ ತಪ್ಪಿ ಮತ್ತೆ ಹಾಕುವಾಗ ಬಿಗಿ ಎನಿಸಿದರೂ ಪೂರ್ತಿ ಕೂತರೆ ಕೆಲವು ದಿನ ಹಗಲು ರಾತ್ರಿ ಹಾಕಲಿ. ಕೂರದಿದ್ದರೆ ಕಚ್ಚಿ ಒತ್ತುವುದು ಬೇಡ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ಬದಿಯಡ್ಕದಿಂದ ಪುನಃ:

ಎಲ್ಲರಿಗೂ ಕೈಮುಗಿಯುತ್ತೇನೆ. ಪೆರ್ಲದವರು ಬರೆದದ್ದನ್ನು ಮಗಳು ಎರಡು ಸಲ ಓದಿದಳು. ಇವತ್ತು ಹಾಕಿಕೊಂಡೇ ಶಾಲೆಗೆ ಹೋಗಿದ್ದಾಳೆ. ಹೆಚ್ಚಿನದಕ್ಕೆ ಶನಿವಾರ ಹೋಗಿ ಹೇಳಿ ಬರುತ್ತೇವೆ. ಹಾಸ್ಟೆಲಿನಲ್ಲಿ ಎಲ್ಲರ ಎದುರು ತೆಗೆದು ತೊಳೆಯಲು ನಾಚಿಕೆ ಎನ್ನುತ್ತಾಳೆ, ಅದೊಂದು ಉಳಿದಿದೆ.

ಪೆರ್ಲದಿಂದ:

ನನ್ನ ಕೋಣೆಯಲ್ಲಿದ್ದ ನಾಲ್ವರಲ್ಲಿ ಇಬ್ಬರಿಗೆ ರಿಟೈನರ್ ಇತ್ತು ಅಕ್ಕ. ಅವಳ ಕೋಣೆಯಲ್ಲಿಯೂ ಒಬ್ಬಳಾದರೂ ಇರುತ್ತಾಳೆ. ಡಬ್ಬಿಯ ಮೇಲೆ ಹೆಸರು ಬರೆದು ಕೊಡಿ.