ಸೆಣಬಿನ ನಾರು ಬೆರೆಸಿದ ಪಿ.ಪಿ.: ಗೇಟಿನ ಬಳಿ ಕಂದು ಕಲೆ, ಮೈಮೇಲೆ ಬೆಳ್ಳಿಗೆರೆ

ಪ್ರಶ್ನೆ:
ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಘಟಕವಿದೆ. ಇದುವರೆಗೆ ಬರೀ ಪಾಲಿಪ್ರೊಪಿಲೀನ್ (ಪಿ.ಪಿ.) ಪ್ಲಾಸ್ಟಿಕ್‌ನಲ್ಲಿ ಮಾಡುತ್ತಿದ್ದ ಟ್ರೇಗಳನ್ನು, ಗ್ರಾಹಕರೊಬ್ಬರ ಕೋರಿಕೆಯ ಮೇರೆಗೆ, ಶೇ. 30ರಷ್ಟು ಸೆಣಬಿನ ನಾರಿರುವ ಗ್ರ್ಯಾನ್ಯೂಲ್‌ನಲ್ಲಿ ಮಾಡಲು ಹೊರಟಿದ್ದೇವೆ. ಮೋಲ್ಡ್ ಹಳೆಯದೇ, ಪ್ಲಾಸ್ಟಿಕ್ ಕರಗುವ ಬ್ಯಾರಲ್ಲಿನ 220 ಡಿಗ್ರಿ ಸೆಲ್ಸಿಯಸ್ ಕೂಡ ಹಳೆಯದೇ. ಗೇಟಿನ (ಕರಗಿದ ಮಾಲು ಮೋಲ್ಡಿನೊಳಗೆ ನುಗ್ಗುವ ಕಿಂಡಿಯ) ಸುತ್ತ ಕಂದು ಕಲೆ ಬೀಳುತ್ತಿದೆ, ಮೇಲ್ಮೈಯಲ್ಲಿ ಬೆಳ್ಳಿಯಂತಹ ಗೆರೆಗಳು ಮೂಡುತ್ತಿವೆ, ಸುಟ್ಟ ವಾಸನೆಯಂತೂ ಮರುದಿನವೂ ಹೋಗುವುದಿಲ್ಲ. ಉಷ್ಣತೆಯನ್ನು 185ಕ್ಕೆ ಇಳಿಸಿದರೆ ಟ್ರೇಯ ಮೂಲೆಗಳು ತುಂಬುತ್ತಿಲ್ಲ. ದಯವಿಟ್ಟು ತಿಳಿದವರು ಸಲಹೆ ನೀಡಿ.

ಉತ್ತರ 1:
ಕಲೆ ಬೇರೆ, ಗೆರೆ ಬೇರೆ; ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ. ಸುಮಾರು 200 ಡಿಗ್ರಿ ದಾಟಿದರೆ ಸಸ್ಯದ ನಾರು ಕಂದಲು ತೊಡಗುತ್ತದೆ. 260ರ ಸುಮಾರಿಗೆ ಕರಗುವ ನೈಲಾನ್ 66ರ ಜೊತೆ ಸೆಣಬನ್ನು ಸೇರಿಸಲಾಗದಿರುವುದೂ ಇದೇ ಕಾರಣಕ್ಕೆ. ಆದ್ದರಿಂದ ನಿಮ್ಮ 185 ಸರಿಯಾಗಿಯೇ ಇದೆ, ತಪ್ಪಿರುವುದು ಗೇಟಿನಲ್ಲಿ. ಬರೀ ಪಿ.ಪಿ.ಗೆಂದು ಕೊರೆದ ಸೂಜಿಯಂತಹ ಗೇಟಿನಲ್ಲಿ ನಾರು ತುಂಬಿದ ಮಂದ ದ್ರವ ನುಗ್ಗುವಾಗ ಘರ್ಷಣೆಯಿಂದಲೇ ಉಷ್ಣತೆ ಏರುತ್ತದೆ. ಬ್ಯಾರಲ್ಲಿನ ಉಷ್ಣತೆ ಅಳೆಯುವ ಥರ್ಮೋಕಪಲ್‌ಗೆ ಅದು ಗೊತ್ತಾಗುವುದೇ ಇಲ್ಲ. ಗೇಟನ್ನೂ ಅದಕ್ಕೆ ಮಾಲು ತರುವ ಕಾಲುವೆಯಾದ ರನ್ನರನ್ನೂ ಅಗಲಿಸಿ, ಮೋಲ್ಡನ್ನು ಸ್ವಲ್ಪ ಬಿಸಿಯಾಗಿಡಿ, ಬ್ಯಾರಲ್ಲಿನಲ್ಲಿ ಮಾಲನ್ನು ಮುಂದೂಡುವ ಸ್ಕ್ರೂವಿನ ವೇಗವನ್ನೂ, ಅದು ಹಿಂದೆ ಸರಿಯುವಾಗ ಎದುರಾಗುವ ಒತ್ತಡವಾದ ಬ್ಯಾಕ್ ಪ್ರೆಶರನ್ನೂ ತಗ್ಗಿಸಿ. ಇಲ್ಲದಿದ್ದರೆ ನಾರು ಸ್ಕ್ರೂನಲ್ಲೇ ತುಂಡಾಗಿ ಮರದ ಹೊಟ್ಟಿನಂತಾಗುತ್ತದೆ. ಆಮೇಲೆ ಅದರಿಂದ ಬಲವನ್ನು ನಿರೀಕ್ಷಿಸುವಂತಿಲ್ಲ.

ಉತ್ತರ 2:
ಬೆಳ್ಳಿಗೆರೆ ತೇವದ್ದು. ಪಿ.ಪಿ. ನೀರು ಹೀರುವುದಿಲ್ಲವಾದ್ದರಿಂದ ನಮ್ಮಂಥವರಿಗೆ ಒಣಗಿಸುವ ಅಭ್ಯಾಸವೇ ಇರುವುದಿಲ್ಲ. ಸೆಣಬಾದರೋ ಗಾಳಿಯ ತೇವದಿಂದಲೇ ತನ್ನ ತೂಕದ ಶೇ. 12ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಬ್ಯಾರಲ್ಲಿನ ತುದಿಯ ನಾಝಲ್‌ನಿಂದ ಸ್ವಲ್ಪ ಮಾಲನ್ನು ಹೊರಹಾಕಿ, ಆರಿದ ಮೇಲೆ ಆ ಮುದ್ದೆಯನ್ನು ಕೊಯ್ದು ನೋಡಿ: ಒಳಗೆ ಸೆಟ್ ದೋಸೆಯಂತೆ ತೂತುಗಳಿದ್ದರೆ ಅದು ಹಬೆಯ ಕೆಲಸ. ನಾನು 100 ಡಿಗ್ರಿಯಲ್ಲಿ ನಾಲ್ಕು ಗಂಟೆ ಒಣಗಿಸುತ್ತೇನೆ. ಒಮ್ಮೆ ಆಷಾಢದ ಮಳೆಯಲ್ಲಿ, ಒಣಗಿಸಿದ ಚೀಲವನ್ನು ರಾತ್ರಿ ಬಾಯಿ ಕಟ್ಟದೆ ಬಿಟ್ಟು, ಬೆಳಗಿನ ಪಾಳಿಯ ಮಾಲನ್ನೆಲ್ಲ ಗುಜರಿಗೆ ಹಾಕಿದ್ದೇನೆ. ಊಟದ ಬಿಡುವಿನಲ್ಲಿ ಬ್ಯಾರಲ್ಲಿನಲ್ಲಿ ಮಾಲು ಕೂರುವುದೂ ಬೇಡ, ಶುದ್ಧ ಪಿ.ಪಿ. ಹಾಯಿಸಿ ಖಾಲಿ ಮಾಡಿ.

ಪ್ರಶ್ನೆ ಕೇಳಿದವರು:
ಗೇಟನ್ನು 0.8ರಿಂದ 2 ಮಿ.ಮೀ.ಗೆ ಅಗಲಿಸಿದೆವು, ಮಾಲನ್ನೂ ಒಣಗಿಸಿದೆವು. ಗೆರೆ ಹೋಯಿತು, ಕಲೆ ಬಹುಪಾಲು ಹೋಯಿತು, ಮೂಲೆಗಳೂ ತುಂಬುತ್ತಿವೆ. ಆದರೆ ಹಿಡಿಕೆಯ ತೂತಿನ ಹಿಂದೆ, ಎರಡು ಹರಿವು ಕೂಡುವ ಗೆರೆಯಲ್ಲಿ, ಟ್ರೇ ಬಿಸ್ಕತ್ತಿನಂತೆ ಮುರಿಯುತ್ತಿದೆ. ಮೆಲೇಯಿಕ್ ಅನ್‌ಹೈಡ್ರೈಡ್ ಸೇರಿದ ಪಿ.ಪಿ.ಯನ್ನು ಹೆಚ್ಚಿಸಿದರೆ ಸರಿಹೋದೀತೇ?

ಉತ್ತರ 1:
ನೀರನ್ನು ಬಯಸುವ ಸೆಣಬನ್ನು, ನೀರನ್ನು ದೂರವಿಡುವ ಪಿ.ಪಿ.ಗೆ ಅಂಟಿಸಲು ಅದು ಬೇಕೇ ಬೇಕು, ಆದರೆ ನಿಮ್ಮ ತೊಂದರೆ ಅದರಿಂದ ತೀರದು. ಕೂಡುಗೆರೆಯಲ್ಲಿ ನಾರುಗಳು ಗೆರೆಗುಂಟ ಮಲಗುತ್ತವೆಯೇ ಹೊರತು ಅದನ್ನು ದಾಟಿ ಆಚೆಗೆ ಹೋಗುವುದಿಲ್ಲ, ಹೀಗಾಗಿ ಅಲ್ಲಿ ಭಾರ ಹೊರುವುದು ಬರೀ ಪ್ಲಾಸ್ಟಿಕ್. ಗೇಟಿನ ಜಾಗ ಬದಲಿಸಿ, ಆ ಗೆರೆ ಹಿಡಿಕೆಯಿಂದ ದೂರ ಬೀಳುವಂತೆ ಮಾಡಿ. ವಾಸನೆ ಮಾತ್ರ ಪೂರ್ತಿ ಹೋಗುವುದಿಲ್ಲವೆಂದು ಗ್ರಾಹಕರಿಗೆ ಈಗಲೇ ಹೇಳಿಬಿಡಿ.