ಪದಚರ್ಚೆ: ‘ಬ್ಯಾಕಪ್’ಗೆ ಎತ್ತಿಡು, ‘ಸಿಂಕ್’ಗೆ ತಾಳೆ: ಒಪ್ಪೀತೇ?

ಎಲ್ಲರಿಗೂ ನಮಸ್ಕಾರ.

ಫೋನ್‌ನಲ್ಲಿ ತೆಗೆದ ಫೋಟೋ, ವಿಡಿಯೊ ಕಳೆದುಹೋಗದಂತೆ ನೋಡಿಕೊಳ್ಳುವುದು ಹೇಗೆ ಅಂತ ನಮ್ಮ ಮನೆಮಂದಿಗಾಗಿ ಅರ್ಧ ಪುಟ ಬರೆಯುತ್ತಿದ್ದೇನೆ. ಬ್ಯಾಕಪ್, ಸಿಂಕ್ ಎಂಬ ಎರಡು ಪದ ಬಂದಲ್ಲಿ ಕೈ ನಿಂತಿದೆ.

ಮೂಡಿಗೆರೆ ಕಡೆ ಇರುವ ನಮ್ಮ ಚಿಕ್ಕಮ್ಮನ ಫೋನ್ ಹೋದ ವರ್ಷ ತುಂಬಿಹೋಯಿತು. ಫೋಟೋ ಆ್ಯಪ್ ತೆರೆದರೆ ‘ಬ್ಯಾಕಪ್ ಪೂರ್ಣಗೊಂಡಿದೆ’ ಅಂತ ತೋರಿಸುತ್ತಿತ್ತು. ಇಂಟರ್‌ನೆಟ್‌ನಲ್ಲಿ ಒಂದು ಪ್ರತಿ ಇದೆಯಲ್ಲ ಎಂಬ ಧೈರ್ಯದಲ್ಲಿ ಅದೇ ಆ್ಯಪ್‌ನಲ್ಲಿ ಕೂತು ಹಳೆಯದನ್ನೆಲ್ಲ ಅಳಿಸಿದರು. ಮೂರು ತಿಂಗಳ ಮೇಲೆ ತಾತನ ವಿಡಿಯೊ ಹುಡುಕಿದರೆ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಕಣದಲ್ಲಿ ಹರವಿದ ಮೆಣಸನ್ನು ತಾತ ಕಾಲಲ್ಲಿ ತಿರುವುತ್ತಾ, ಕಾಗೆ ಓಡಿಸುತ್ತಾ, ಯಾರನ್ನೋ ಕೂಗಿ ಕರೆಯುವ ವಿಡಿಯೊ ಅದು. ಅವರ ದನಿ ಉಳಿದಿದ್ದು ಅದೊಂದರಲ್ಲೇ. “ಬ್ಯಾಕಪ್ ಆಗಿದೆ ಅಂತ ಅದೇ ಹೇಳ್ತಿತ್ತಲ್ಲ ಮಗಾ, ಮತ್ತೆ ಹೆಂಗೆ ಹೋಯ್ತು?” ಅಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಯೋಚಿಸಿದರೆ, ಚಿಕ್ಕಮ್ಮ ಆ ಪದವನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದರು. ನಮ್ಮ ಕಡೆ ಬ್ಯಾಕಪ್ ಅನ್ನುವುದು ಫೋನ್‌ಗಿಂತ ಮೊದಲು ಬಂದಿದ್ದು ಯುಪಿಎಸ್ ಜೊತೆ. ‘ನಿಮ್ಮನೆ ಯುಪಿಎಸ್ ಎಷ್ಟೊತ್ತು ಬ್ಯಾಕಪ್ ಕೊಡುತ್ತೆ?’ ಅಂತ ಮಳೆಗಾಲದಲ್ಲಿ ಕೇಳದವರಿಲ್ಲ. ಲೈನ್ ಹೋದರೂ ದೀಪ ಉರಿಯುತ್ತಿದ್ದರೆ ಅದು ಬ್ಯಾಕಪ್. ಇಲ್ಲಿ ಹೋದರೂ ಅಲ್ಲಿಂದ ಬರಬೇಕು. ಫೋಟೋ ಆ್ಯಪ್ ಮಾಡುವುದು ಬೇರೆ ಕೆಲಸ. ಫೋನ್, ಇಂಟರ್‌ನೆಟ್ ಎರಡೂ ಕಡೆ ಒಂದೇ ಥರ ಇರುವಂತೆ ನೋಡಿಕೊಳ್ಳುತ್ತದೆ. ಇದೇ ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಈ ಆಯ್ಕೆಯ ಹೆಸರೇ ಮೊದಲು ‘ಬ್ಯಾಕಪ್ ಆ್ಯಂಡ್ ಸಿಂಕ್’ ಎಂದಿತ್ತು, ಈಗ ‘ಬ್ಯಾಕಪ್’ ಅಷ್ಟೇ ಉಳಿದಿದೆ. ಬ್ಯಾಕಪ್ ಆದ ಫೋಟೋ ಅಳಿಸಿದರೆ ಅದರ ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ, ಆ್ಯಪಲ್‌ನ ಐಕ್ಲೌಡ್‌ನಲ್ಲಿ 30 ದಿನ. ಅದು ಕಳೆದರೆ ಮುಗಿಯಿತು. ಫೋನ್‌ನಲ್ಲಿ ಮಾತ್ರ ಜಾಗ ಖಾಲಿ ಮಾಡಿ ಅಲ್ಲಿಯದನ್ನು ಹಾಗೇ ಬಿಡಲು ಗೂಗಲ್ ಫೋಟೋಸ್‌ನಲ್ಲಿ ಬೇರೆಯೇ ಗುಂಡಿ ಇದೆ. ಅಳಿಸುವುದಕ್ಕೂ ಅದಕ್ಕೂ ಇರುವ ಅಂತರ ಹೇಳಲು ನನಗೆ ಎರಡು ಪದ ಬೇಕೇ ಬೇಕು.

ಬ್ಯಾಕಪ್‌ಗೆ ಮೊದಲು ಹೊಳೆದದ್ದು ‘ಕಾಪು’. ಕಾಯು, ಕಾಪಾಡು ಇವುಗಳ ನಂಟಿನ ಒಳ್ಳೆಯ ಪದ. ಆದರೆ ಕಾಫಿಗೆ ‘ಕಾಪಿ’ ಅನ್ನುವ ಊರಲ್ಲಿ ‘ಫೋಟೋ ಕಾಪು’ ಅಂದರೆ ನಕಲಿನ ಕಾಪಿಯೋ, ಕುಡಿಯುವ ಕಾಪಿಯೋ, ಕಿವಿಗೆ ಬೇಗ ಬಿಡಿಸುವುದಿಲ್ಲ. ‘ಉಳಿಸು’ ಆಗಲೇ ಸೇವ್‌ಗೆ ಸಂದಿದೆ. ಹಾಸನದ ಗೆಳೆಯರೊಬ್ಬರು ‘ಹಗೇವು’ ಅಂದರು. ರಾಗಿ ತುಂಬಿ ಮೇಲೆ ಚಪ್ಪಡಿ ಮುಚ್ಚುತ್ತಿದ್ದ ನೆಲದೊಳಗಿನ ಗುಂಡಿ, ವರ್ಷಗಟ್ಟಲೆ ಕಾಳು ಕೆಡದೆ ಇರುತ್ತಿತ್ತು. ಇಂಟರ್‌ನೆಟ್‌ನಲ್ಲಿ ಫೋಟೋ ಇಡುವ ಜಾಗಕ್ಕೆ, ಅಂದರೆ ಕ್ಲೌಡ್‌ಗೆ, ಇದು ‘ಮೋಡ’ಕ್ಕಿಂತ ಎಷ್ಟೋ ಮೇಲು. ಮೋಡ ಕವಿದರೆ ಕರೆಂಟೂ ಹೋಗಿ ನೆಟ್‌ವರ್ಕೂ ಹೋಗುವ ಮಲೆನಾಡಿನಲ್ಲಿ, ಭದ್ರವಾಗಿ ಇಟ್ಟ ಜಾಗಕ್ಕೆ ಆ ಹೆಸರು ಒಗ್ಗುವುದಿಲ್ಲ. ಆದರೂ ಹಗೇವು ಜಾಗದ ಹೆಸರು. ನನಗೆ ಬೇಕಿರುವುದು ಕೆಲಸದ ಹೆಸರು.

ಅದಕ್ಕೆ ‘ಎತ್ತಿಡು’ ಹಿಡಿಸಿದೆ. ಬಿತ್ತನೆಗೆ ಅಂತ ಒಳ್ಳೆಯ ತೆನೆ ಆರಿಸಿ ಎತ್ತಿಟ್ಟರೆ, ಮನೆಯಲ್ಲಿ ಹಿಟ್ಟು ಮುಗಿದರೂ ಅದಕ್ಕೆ ಕೈ ಹಾಕುವುದಿಲ್ಲ. ತಿನ್ನುವ ರಾಗಿ ಖಾಲಿಯಾಯಿತೆಂದು ಬೀಜದ ರಾಗಿ ಖಾಲಿಯಾಗುವುದಿಲ್ಲ. ತೊಡಕೂ ಇದೆ. ‘ಹಾಲು ಎತ್ತಿಡು’ ಅಂದರೆ ಹಾಲು ಇಲ್ಲಿಂದ ಹೋಯಿತು ಎಂದರ್ಥ. ‘ಫೋಟೋ ಎತ್ತಿಟ್ಟೆ’ ಅಂದರೆ ಫೋನ್‌ನಲ್ಲಿ ಈಗ ಅದು ಇದೆಯೋ ಇಲ್ಲವೋ? ‘ಇನ್ನೊಂದು ಪ್ರತಿ ಎತ್ತಿಡು’ ಅಂದರೆ ತಿಳಿಯುತ್ತದೆ, ಸ್ವಲ್ಪ ಉದ್ದವಾಯಿತು.

ಸಿಂಕ್‌ಗೆ ‘ಮೇಳೈಸು’ ಅಂತ ಕೆಲವರು ಬಳಸಿದ್ದು ನೋಡಿದ್ದೇನೆ. ಚೆಂದದ ಪದ, ಆದರೆ ಇದರಲ್ಲಿ ಎಚ್ಚರಿಕೆಯ ಸುಳಿವಿಲ್ಲ. ‘ತಾಳೆ’ಯಲ್ಲಿ ಇದೆ. ಲೆಕ್ಕ ತಾಳೆಯಾಗಬೇಕಾದರೆ ಈ ಪುಸ್ತಕದಲ್ಲಿ ಹೊಡೆದುಹಾಕಿದ್ದನ್ನು ಆ ಪುಸ್ತಕದಲ್ಲೂ ಹೊಡೆಯಲೇಬೇಕು.

‘ತಾನಾಗೇ ಆಗುತ್ತೆ’ ಎಂಬ ಮಾತೂ ನನ್ನನ್ನು ಕಾಡುತ್ತಿದೆ. ‘ಆಗುತ್ತೆ’ ಅಂದುಬಿಟ್ಟರೆ ಷರತ್ತುಗಳೆಲ್ಲ ಮರೆಯಾಗುತ್ತವೆ. ಗೂಗಲ್ ಫೋಟೋಸ್‌ನಲ್ಲಿ ವಾಟ್ಸಾಪ್‌ನಲ್ಲಿ ಬಂದ ಚಿತ್ರಗಳ ಫೋಲ್ಡರ್ ಅನ್ನು ನಾವೇ ಆರಿಸಬೇಕು. ವೈಫೈ ಇಲ್ಲದ ಮನೆಯಲ್ಲಿ ಮೊಬೈಲ್ ಡೇಟಾ ಬಳಸಲು ಬೇರೆ ಅನುಮತಿ ಕೊಡಬೇಕು. ಪುಕ್ಕಟೆ ಸಿಗುವ 15 ಜಿಬಿ ಜಾಗ ಜಿಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ ಅದರ ಲೆಕ್ಕಕ್ಕೇ ಬೀಳುತ್ತಿವೆ. ಅದು ತುಂಬಿದ ದಿನ ‘ಆಗುವುದು’ ನಿಲ್ಲುತ್ತದೆ. ಹಾಗಾಗಿ ‘ಆಗುತ್ತೆ’ ಬಿಟ್ಟು ‘ಆಗಿದೆಯಾ ನೋಡಿ’ ಅಂತ ಬರೆದಿದ್ದೇನೆ.

ಸದ್ಯಕ್ಕೆ ನನ್ನ ಹಾಳೆಯಲ್ಲಿ ಇರುವ ಸಾಲು: ‘ಈ ಆ್ಯಪ್ ಎರಡೂ ಕಡೆ ತಾಳೆ ಮಾಡುತ್ತದೆ, ಎತ್ತಿಡುವುದಿಲ್ಲ. ಬೇಕಾದ ಫೋಟೋದ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಎತ್ತಿಡಿ.’ ಕಡೂರು, ಬೇಲೂರು, ಅರಸೀಕೆರೆ ಕಡೆಯವರು ಇದನ್ನು ನಿಮ್ಮ ಮನೆಯ ಹಿರಿಯರಿಗೆ ಓದಿ ಹೇಳಿ, ಅವರಿಗೆ ಏನು ಅರ್ಥವಾಯಿತು ಅಂತ ದಯವಿಟ್ಟು ತಿಳಿಸಿ. ನಕಲು ಮಾಡಿ ಜೋಪಾನ ಇಡುವುದಕ್ಕೆ ನಿಮ್ಮಲ್ಲಿ ಒಂದೇ ಪದ ಇದ್ದರೆ ಅದನ್ನೂ ಬರೆಯಿರಿ.