ಪದ ಬೇಕು: ಯೋಜನೆಯ ‘ಅಪ್‌ಡೇಟ್’, ‘ಎಮಿಷನ್ಸ್ ಇನ್ವೆಂಟರಿ’, ‘ಬೇಸ್‌ಲೈನ್’

ಪ್ರಶ್ನೆ

ನಗರದ ಹಸಿರುಮನೆ ಅನಿಲಗಳನ್ನು ತಗ್ಗಿಸುವ ಯೋಜನೆಯೊಂದು ಐದು ವರ್ಷದ ಬಳಿಕ ಅಪ್‌ಡೇಟ್ ಆಗುತ್ತಿದೆ. ಸಾರ್ವಜನಿಕ ಸಭೆಯ ಫಲಕ, ಜೊತೆಗೆ 12 ಪುಟದ ಸಾರಾಂಶ, ಎರಡೂ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಮೂರು ಕಡೆ ಅನುವಾದ ನಿಂತಿದೆ. ಶೀರ್ಷಿಕೆಯ ‘ಅಪ್‌ಡೇಟ್’ಗೆ ಕರಡಿನಲ್ಲಿ ‘ನವೀಕರಣ’ ಎಂದಿದೆ. ‘ಎಮಿಷನ್ಸ್ ಇನ್ವೆಂಟರಿ’ಗೆ ‘ಹೊರಸೂಸುವಿಕೆ ದಾಸ್ತಾನು’. ‘ಬೇಸ್ ಇಯರ್’, ‘ಬೇಸ್‌ಲೈನ್’ ಎರಡಕ್ಕೂ ‘ಮೂಲರೇಖೆ’. ಫಲಕದಲ್ಲಿ ಎರಡೇ ಸಾಲಿಗೆ ಜಾಗ. ಇವತ್ತೇ ತಿಳಿಸಿದರೆ ಉಪಕಾರ.

ಉತ್ತರ 1

‘ನವೀಕರಣ’ ಖಂಡಿತ ಬೇಡ. ಇದೇ ದಾಖಲೆಯಲ್ಲಿ ‘ನವೀಕರಿಸಬಹುದಾದ ಇಂಧನ’ ಮತ್ತೆ ಮತ್ತೆ ಬಂದೇ ಬರುತ್ತದೆ. ‘ನವೀಕರಿಸಿದ ಯೋಜನೆಯಲ್ಲಿ ನವೀಕರಿಸಬಹುದಾದ ಇಂಧನದ ಪಾಲು’ ಎಂದು ಓದಿದವರ ತಲೆಗೆ ಏನು ಹತ್ತೀತು? ಮೇಲಾಗಿ ಪರವಾನಗಿ ನವೀಕರಣವೆಂದರೆ ಇದ್ದದ್ದರ ಅವಧಿ ವಿಸ್ತರಿಸುವುದು, ಅಷ್ಟೆ. ಇಲ್ಲಿ ಗುರಿ, ಲೆಕ್ಕ, ಕ್ರಮ ಮೂರೂ ಬದಲಾಗುತ್ತವೆ. ‘ಪರಿಷ್ಕರಣೆ’ ಹಾಕಿ.

ಉತ್ತರ 2

‘ಪರಿಷ್ಕರಣೆ’ ಎಂದರೆ ಜನರ ಕಿವಿಗೆ ದರ ಪರಿಷ್ಕರಣೆ ಕೇಳಿಸುತ್ತದೆ, ಅಂದರೆ ಏರಿಕೆ. ‘ಗುರಿ ಪರಿಷ್ಕರಣೆ’ ಎಂದು ಬರೆದರೆ ಗುರಿ ಬಿಗಿಯಾಯಿತೋ ಸಡಿಲವಾಯಿತೋ ತಿಳಿಯುವುದಿಲ್ಲ. ಪಹಣಿ ಕೆಲಸದಲ್ಲಿ ‘ಇಂದೀಕರಣ’ ರೂಢಿಯಾಗಿ ನಿಂತಿದೆ. ದಾಖಲೆಯನ್ನು ಇಂದಿನ ಸ್ಥಿತಿಗೆ ತರುವುದು ಎಂಬ ಅರ್ಥ ಅದರಲ್ಲಿ ನೇರವಾಗಿದೆ. ಫಲಕಕ್ಕೂ ಚಿಕ್ಕದು.

ಉತ್ತರ 3

‘ಇಂದೀಕರಣ’ ಅರಿಸಮಾಸ. ‘ಇಂದು’ ಅಚ್ಚಗನ್ನಡ, ‘ಕರಣ’ ಸಂಸ್ಕೃತ. ಸಂಸ್ಕೃತದ ನಿಯಮಕ್ಕೂ ಅದು ಒಗ್ಗುವುದಿಲ್ಲ: ಅಕಾರಾಂತಕ್ಕೆ ಈಕಾರ ಬರುತ್ತದೆ, ಉಕಾರಾಂತಕ್ಕೆ ಊಕಾರ. ‘ಲಘು’ವಿನಿಂದ ‘ಲಘೂಕರಣ’ ಆದಂತೆ ಇದು ‘ಇಂದೂಕರಣ’ ಆಗಬೇಕಿತ್ತು. ಹಾಗೆ ಬರೆದರೆ ಚಂದ್ರನನ್ನಾಗಿ ಮಾಡುವುದು ಎಂದಾಗುತ್ತದೆ. ಎರಡೂ ಕಡೆ ಸಲ್ಲದ ಪದವನ್ನು ಫಲಕಕ್ಕೆ ಏರಿಸಬೇಡಿ. ‘ಹೊಸತಾಗಿಸಿದ ಯೋಜನೆ’ ಎನ್ನಿ.

ಉತ್ತರ 4

ಈ ವಾದ ನಿಲ್ಲುವುದಿಲ್ಲ. ‘ಇಂದು’ವಿನ ಕೊನೆಯ ಉಕಾರ ಲೋಪವಾಗುವಂಥದ್ದು. ‘ಇಂದಿನ’, ‘ಇಂದಿಗೆ’ ಎನ್ನುವಾಗ ಅದು ಎಲ್ಲಿ ಉಳಿಯಿತು? ‘ಗಣಕೀಕರಣ’, ‘ಕನ್ನಡೀಕರಣ’ ಎಂದು ನೂರು ಸಲ ಬರೆದವರು ‘ಇಂದೀಕರಣ’ಕ್ಕೆ ಮಾತ್ರ ಸೂತ್ರ ತೆಗೆಯುವುದು ಸರಿಯಲ್ಲ. ‘ಈಕರಣ’ ಕನ್ನಡದಲ್ಲಿ ಈಗ ಪ್ರತ್ಯಯದಂತೆಯೇ ದುಡಿಯುತ್ತಿದೆ.

ಉತ್ತರ 5

ಶೀರ್ಷಿಕೆಯ ಪದ ಯಾವುದಾದರೂ ಆಗಲಿ. ಅಪಾಯ ಇರುವುದು ಎರಡನೆಯ, ಮೂರನೆಯ ಪ್ರಶ್ನೆಗಳಲ್ಲಿ.

‘ದಾಸ್ತಾನು’ ತಪ್ಪು. ಗೋದಾಮಿನಲ್ಲಿ ಒಂದು ದಿನದಂದು ಎಷ್ಟು ಮಾಲು ಇದೆ ಎನ್ನುವುದು ದಾಸ್ತಾನು. ಇಲ್ಲಿ ಎಣಿಸುವುದು ವರ್ಷವೊಂದರಲ್ಲಿ ಹೊರಬಿದ್ದ ಅನಿಲದ ಮೊತ್ತ. ಸುಟ್ಟ ಡೀಸೆಲ್, ಬಳಸಿದ ವಿದ್ಯುತ್ ಯೂನಿಟ್, ಬಿದ್ದ ಕಸ ಇವುಗಳ ಪ್ರಮಾಣವನ್ನು ಆಯಾ ಹೊರಸೂಸು ಗುಣಕದಿಂದ (ಒಂದು ಲೀಟರಿಗೆ, ಒಂದು ಯೂನಿಟ್ಟಿಗೆ ಎಷ್ಟು ಅನಿಲ ಎಂಬ ಅಂಕಿಯಿಂದ) ಗುಣಿಸಿ ಕೂಡಿಸುತ್ತಾರೆ. ‘ಹೊರಸೂಸುವಿಕೆ ಲೆಕ್ಕಪಟ್ಟಿ’ ಸಾಕು.

‘ಮೂಲರೇಖೆ’ ಇನ್ನೂ ಕೆಟ್ಟದ್ದು. ‘ಬೇಸ್ ಇಯರ್’ ಎಂದರೆ ಆಗಿಹೋದ ಒಂದು ವರ್ಷ, ಅಳೆದ ಲೆಕ್ಕ. ಅದಕ್ಕೆ ‘ಆಧಾರ ವರ್ಷ’. ‘ಬೇಸ್‌ಲೈನ್’ ಎಂದು ಇಂಥ ಯೋಜನೆಗಳಲ್ಲಿ ಹೆಚ್ಚಾಗಿ ಹೇಳುವುದು ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ ಮುಂದೆ ಏನಾದೀತು ಎಂಬ ಅಂದಾಜನ್ನು. ಲೆಕ್ಕಕ್ಕೆ ಒಂದು ಉದಾಹರಣೆ: ಆಧಾರ ವರ್ಷದಲ್ಲಿ 100 ಲಕ್ಷ ಟನ್, ಹೀಗೇ ಬಿಟ್ಟರೆ 2030ಕ್ಕೆ 160 ಲಕ್ಷ ಟನ್ ಎಂದಿಟ್ಟುಕೊಳ್ಳಿ. ಅಂದಾಜಿಗಿಂತ ಶೇ 30 ಕಡಿತವೆಂದರೆ 112 ಲಕ್ಷ ಟನ್. ಅಂದರೆ ಆಧಾರ ವರ್ಷಕ್ಕಿಂತ ಶೇ 12 ಹೆಚ್ಚು! ಆಧಾರ ವರ್ಷಕ್ಕಿಂತ ಶೇ 30 ಕಡಿತವಾದರೆ 70 ಲಕ್ಷ ಟನ್. ಎರಡಕ್ಕೂ ‘ಮೂಲರೇಖೆಗಿಂತ ಶೇ 30 ಕಡಿತ’ ಎಂದು ಅಚ್ಚಾದರೆ ಏರಿಕೆಯೇ ಇಳಿಕೆಯಾಗಿ ಓದಿಸಿಕೊಳ್ಳುತ್ತದೆ. ಅಂದಾಜಿಗೆ ‘ಯಥಾಸ್ಥಿತಿ ಅಂದಾಜು’ ಎನ್ನಿ.

ಇನ್ನೊಂದು ಪದವೂ ನಿಮಗೆ ಬೇಕಾಗುತ್ತದೆ, ಕರಡಿನಲ್ಲಿ ಅದು ಇದ್ದಂತಿಲ್ಲ: ‘ಮರುಲೆಕ್ಕ’. ನಗರಗಳ ಹಸಿರುಮನೆ ಅನಿಲದ ಲೆಕ್ಕಕ್ಕೆ 2014ರಲ್ಲಿ ಬಂದ ಜಿಪಿಸಿ ಎಂಬ ಜಾಗತಿಕ ಪದ್ಧತಿಯ ಪ್ರಕಾರ ನಗರದ ಎಲ್ಲೆ ಬದಲಾದರೆ, ಲೆಕ್ಕದ ವಿಧಾನ ಬದಲಾದರೆ, ದೊಡ್ಡ ತಪ್ಪು ಸಿಕ್ಕರೆ, ಆಧಾರ ವರ್ಷವನ್ನೂ ತಿರುಗಿ ಲೆಕ್ಕ ಹಾಕಬೇಕು. ಜನಸಂಖ್ಯೆ ಬೆಳೆಯಿತು, ಕಾರ್ಖಾನೆ ಮುಚ್ಚಿತು ಎಂಬ ಕಾರಣಕ್ಕೆ ಹಾಕುವಂತಿಲ್ಲ. ಮೀಥೇನ್ ನೋಡಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2007ರ ನಾಲ್ಕನೇ ವರದಿಯಲ್ಲಿ ಅದರ ನೂರು ವರ್ಷದ ತಾಪನ ಸಾಮರ್ಥ್ಯ, ಅಂದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟು ಪಟ್ಟು ಕಾವು ಏರಿಸುತ್ತದೆ ಎಂಬುದು, 25, ಐದನೆಯದರಲ್ಲಿ 28. ಕಸದ ರಾಶಿಯಿಂದ ವರ್ಷಕ್ಕೆ 10,000 ಟನ್ ಮೀಥೇನ್ ಬರುತ್ತಿದ್ದರೆ ಅದು ಹಳೆಯ ಗುಣಕದಲ್ಲಿ 2.5 ಲಕ್ಷ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ, ಹೊಸದರಲ್ಲಿ 2.8 ಲಕ್ಷಕ್ಕೆ. ರಾಶಿ ಅದೇ, ಅನಿಲವೂ ಅಷ್ಟೇ. ಹಳೆಯ ವರ್ಷವನ್ನು 25ರಲ್ಲೇ ಬಿಟ್ಟು ಹೊಸದಕ್ಕೆ 28 ಹಾಕಿದರೆ ಇಲ್ಲದ ಏರಿಕೆ ಕಾಣುತ್ತದೆ. ಆದ್ದರಿಂದ ಯೋಜನೆಯ ಬದಲಾವಣೆಗೆ ಒಂದು ಪದ, ಹಳೆಯ ಲೆಕ್ಕವನ್ನು ತಿದ್ದುವುದಕ್ಕೆ ಬೇರೊಂದು ಪದ ಇರಲೇಬೇಕು.

ಉತ್ತರ 3, ಮತ್ತೆ

ಲೆಕ್ಕದ ಮಾತು ಒಪ್ಪಿದೆ. ಪದಗಳ ಮಾತು ಒಪ್ಪಲಾರೆ. ‘ಯಥಾಸ್ಥಿತಿ’, ‘ಪರಿಷ್ಕರಣೆ’, ‘ಗುಣಕ’ ಎಲ್ಲ ಸಂಸ್ಕೃತ. ಹೊರಬಿದ್ದಷ್ಟನ್ನೂ ಹೀರಿಸಿ ಲೆಕ್ಕ ಸೊನ್ನೆಯಾಗಿಸುವ ‘ನೆಟ್ ಝೀರೋ’ಗೆ ಬಳಸುವ ‘ನಿವ್ವಳ ಶೂನ್ಯ’ದ ‘ನಿವ್ವಳ’ ಮರಾಠಿಯದು. ಕನ್ನಡಕ್ಕೆ ತನ್ನದೇ ಬೇರುಗಳಿವೆ: ಸೂಸು, ತಗ್ಗು, ಇಂಗು. ಮಳೆನೀರಿಗೆ ‘ಇಂಗುಗುಂಡಿ’ ಎನ್ನುವವರು ಅನಿಲವನ್ನು ಹೀರಿಕೊಳ್ಳುವ ಕಾಡು, ಮಣ್ಣಿಗೆ ‘ಇಂಗುತಾಣ’ ಎನ್ನಬಹುದು. ‘ಇಂಗಾಲ’ವೂ ಆ ಬೇರಿನದೇ ಇರಬೇಕು. ‘ಹಸಿರುಮನೆ ಅನಿಲ’ ಇಂಗ್ಲಿಷಿನ ನೆರಳು. ಅದನ್ನು ಬಿಟ್ಟು ‘ಕಾವುಗಾಳಿ’ ಎನ್ನಿ.

ಉತ್ತರ 4, ಮತ್ತೆ

‘ಇಂಗಾಲ’ಕ್ಕೂ ‘ಇಂಗು’ವಿಗೂ ಸಂಬಂಧವಿಲ್ಲ. ಸಂಸ್ಕೃತದ ‘ಅಂಗಾರ’, ಪ್ರಾಕೃತದ ‘ಇಂಗಾಲ’. ಕೆಂಡ, ಇದ್ದಿಲು ಎಂದರ್ಥ. ಶುದ್ಧ ತದ್ಭವ. ತದ್ಭವವನ್ನು ನಮ್ಮದೆಂದು ಅಪ್ಪಿಕೊಂಡು ತತ್ಸಮವನ್ನು ಹೊರಗಟ್ಟುವುದು ನಿಯಮವಲ್ಲ, ಹಟ.

ಉತ್ತರ 5, ಮತ್ತೆ

‘ಇಂಗುತಾಣ’ ಬಹಳ ಒಳ್ಳೆಯ ಪದ, ಸಾರಾಂಶದಲ್ಲಿ ಬಳಸಿ. ‘ಕಾವುಗಾಳಿ’ ಬೇಡವೇ ಬೇಡ. ಅದೇ ದಾಖಲೆಯಲ್ಲಿ ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಬಗೆಗಿನ ಅಧ್ಯಾಯದಲ್ಲಿ ‘ಬಿಸಿಗಾಳಿ’ ಬರುತ್ತದೆ, ಓದುವವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

‘ಇಂಗಾಲ’ದ ಮಾತು ಬಂದಿದ್ದರಿಂದ ಹೇಳುತ್ತೇನೆ. ಜಾಗ ಉಳಿಸಲು ‘ಇಂಗಾಲದ ಟನ್’ ಎಂದು ಮೊಟಕುಗೊಳಿಸಬೇಡಿ. 12 ಟನ್ ಇಂಗಾಲ ಉರಿದರೆ 44 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಸುಮಾರು 3.67 ಪಟ್ಟು. ಒಂದೇ ಒಂದು ಪದ ಬಿಟ್ಟರೆ ಅಂಕಿ ಅಷ್ಟು ದೂರ ಹೋಗುತ್ತದೆ. ‘ಇಂಗಾಲದ ಡೈಆಕ್ಸೈಡ್ ಸಮಾನ ಟನ್’ ಎಂದು ಪೂರ್ತಿ ಬರೆಯಿರಿ.

‘ಸ್ಕೋಪ್’ಗೆ ‘ವ್ಯಾಪ್ತಿ’ ಹಾಕಿದ್ದರೆ ‘ಬೌಂಡರಿ’ಗೆ ‘ಎಲ್ಲೆ’ಯನ್ನೇ ಹಾಕಿ. ‘ನಗರ ವ್ಯಾಪ್ತಿಯ ವ್ಯಾಪ್ತಿ 2’ ಆಗಬಾರದು. ಎಲ್ಲೆಯೊಳಗೆ ಹೊರಬಿದ್ದದ್ದು ವ್ಯಾಪ್ತಿ 1, ಗ್ರಿಡ್‌ನಿಂದ ಪಡೆದು ನಗರದಲ್ಲಿ ಬಳಸಿದ ವಿದ್ಯುತ್ತಿನದು ವ್ಯಾಪ್ತಿ 2, ನಗರದ ಚಟುವಟಿಕೆಯಿಂದ ಎಲ್ಲೆಯಾಚೆ ಆದದ್ದು ವ್ಯಾಪ್ತಿ 3. ನಗರದ ಕಸವನ್ನು ಎಲ್ಲೆಯಾಚೆ ಸುರಿದರೂ ಅದರ ಮೀಥೇನ್ ವ್ಯಾಪ್ತಿ 3ರಲ್ಲಿ ನಗರದ ತಲೆಗೇ ಬರುತ್ತದೆ. ಈ ಸಾಲು ಸಾರಾಂಶದಲ್ಲಿ ಮಸುಕಾದರೆ ಕಸ ಸಾಗಿಸಿದ್ದನ್ನೇ ಕಡಿತವೆಂದು ತೋರಿಸಲು ದಾರಿಯಾಗುತ್ತದೆ.

ಉತ್ತರ 2, ಮತ್ತೆ

ಯೋಜನೆಗೆ ‘ಪರಿಷ್ಕರಣೆ’, ಲೆಕ್ಕಕ್ಕೆ ‘ಮರುಲೆಕ್ಕ’ ಎಂದು ಬೇರ್ಪಟ್ಟರೆ ನನ್ನ ತಕರಾರಿಲ್ಲ. ಆದರೆ ‘ಗುರಿ ಪರಿಷ್ಕರಣೆ’ ಎಂದು ಎಲ್ಲೂ ಬರೆಯಬೇಡಿ. ಗುರಿ ಬಿಗಿಯಾಗಿದ್ದರೆ ‘ಬಿಗಿಗೊಳಿಸಿದೆ’ ಎನ್ನಿ, ಸಡಿಲವಾಗಿದ್ದರೆ ‘ಸಡಿಲಿಸಿದೆ’ ಎನ್ನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಫಲಕದ ಮೊದಲ ಸಾಲು: ‘ನಗರದ ಹಸಿರುಮನೆ ಅನಿಲ ತಗ್ಗಿಸುವ ಯೋಜನೆ: ಪರಿಷ್ಕರಣೆ’. ಎರಡನೆಯದು: ‘ಗುರಿ: 2030ಕ್ಕೆ ಶೇ 30 ಕಡಿತ’. ಒಳಗೆ ಲೆಕ್ಕಪಟ್ಟಿ, ಆಧಾರ ವರ್ಷ, ಯಥಾಸ್ಥಿತಿ ಅಂದಾಜು, ಮರುಲೆಕ್ಕ, ಇಂಗುತಾಣ.

ಉತ್ತರ 5, ಮತ್ತೆ

ಎರಡನೆಯ ಸಾಲು ಹಾಗೆ ಹೋಗಬಾರದು. ಯಾವುದಕ್ಕೆ ಹೋಲಿಸಿ ಕಡಿತ? ಮೂಲ ದಾಖಲೆಯ ಗುರಿ ಆಧಾರ ವರ್ಷಕ್ಕೆ ಹೋಲಿಸಿದ್ದಾದರೆ ಆ ವರ್ಷವನ್ನು ಹೆಸರಿಸಿ, ‘ಮಟ್ಟಕ್ಕಿಂತ’ ಎಂದು ಸೇರಿಸಿ. ಜಾಗ ಸಾಲದಿದ್ದರೆ ಮೊದಲ ಸಾಲಿನ ‘ನಗರದ’ ತೆಗೆಯಿರಿ, ವರ್ಷ ತೆಗೆಯಬೇಡಿ.

ಉತ್ತರ 3, ಮತ್ತೆ

‘ಪರಿಷ್ಕರಣೆ’ಗೆ ನನ್ನ ಅಸಮ್ಮತಿ ಹಾಗೇ ಇರಲಿ. ‘ತಗ್ಗಿಸುವ’ ಉಳಿಸಿಕೊಂಡದ್ದು ಸರಿಯಾಯಿತು.